ಬೇಕಂತಲೇ ಸೋತರೆ ತಂಡ ಉದ್ಧಾರ ಆಗುತ್ತಾ?

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಆಫೀಸಿನವರ ಸಹವಾಸದಿಂದ ಅಮೆರಿಕನ್ ಫುಟ್‌ಬಾಲ್ ಹುಚ್ಚು ಹತ್ತಿದೆ, ಅದರಲ್ಲೂ ಜೆಟ್ಸ್ ತಂಡದ್ದು. ಡಿಸೆಂಬರ್ ಬಂತು ಅಂದರೆ ಇವರೆಲ್ಲ ತಮ್ಮ ತಂಡವೇ ಸೋಲಲಿ ಅಂತ ಹಾರೈಸುತ್ತಾರೆ. ‘ಈಗ ಗೆದ್ದು ಏನು ಮಾಡೋದಿದೆ, ಸೋತರೆ ಡ್ರಾಫ್ಟ್‌ನಲ್ಲಿ ಒಳ್ಳೆ ಪಿಕ್ ಸಿಗುತ್ತೆ’ ಅನ್ನೋದು ಅವರ ವಾದ. ನನಗೆ ಇದು ಜೀರ್ಣ ಆಗುತ್ತಿಲ್ಲ. ಬೇಕಂತಲೇ ಸೋತರೆ ತಂಡಕ್ಕೆ ನಿಜಕ್ಕೂ ಲಾಭ ಇದೆಯಾ?

ಉತ್ತರ: ಇಲ್ಲ ಅಂತಲೇ ನಾನು ಹೇಳೋದು. ಹಾಗಂತ ನಿಮ್ಮ ಆಫೀಸಿನವರು ಬಾಯಿಗೆ ಬಂದದ್ದು ಮಾತಾಡುತ್ತಿದ್ದಾರೆ ಅಂತಲ್ಲ. ಒಳ್ಳೆ ಪಿಕ್‌ಗೆ, ಅಂದರೆ ಹೊಸ ಹುಡುಗರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಬೇಗ ಸಿಗುವ ಸರದಿಗೆ, ಬೆಲೆ ಇದೆ, ಅದು ನಿಜ. ನನ್ನ ತಕರಾರು ಇರೋದು ಅದನ್ನು ಸಂಪಾದಿಸುವ ದಾರಿಯ ಬಗ್ಗೆ. ಸ್ವಂತ ಸೋಲಿನಿಂದ ಬಂದ ಪಿಕ್‌ಗಿಂತ ಬೇರೆ ತಂಡದ ಸೋಲಿನಿಂದ ಕೈಗೆ ಬಂದ ಪಿಕ್ ಎಷ್ಟೋ ಮೇಲು. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ವ್ಯವಸ್ಥೆ ಹೇಗಿದೆ ಅಂತ ನೋಡೋಣ, ಐಪಿಎಲ್ ನೋಡಿ ಅಭ್ಯಾಸ ಇರುವವರಿಗೆ ಇದು ಸ್ವಲ್ಪ ವಿಚಿತ್ರ. ಐಪಿಎಲ್‌ನಲ್ಲಿ ಇರೋದು ಹರಾಜು. ಆರ್‌ಸಿಬಿ 2017ರಲ್ಲಿ ಕೊನೇ ಸ್ಥಾನಕ್ಕೆ ಬಿತ್ತು, 2019ರಲ್ಲೂ ಬಿತ್ತು. ಕೊನೇಗೆ ಬಂದಿದ್ದಾರೆ ಪಾಪ ಅಂತ ಯಾರೂ ಅವರಿಗೆ ಒಳ್ಳೆ ಆಟಗಾರನನ್ನು ಕರೆದು ಕೊಡಲಿಲ್ಲ. ಹಾಗಾಗಿ ಅಲ್ಲಿ ಸೋಲಬೇಕು ಅಂತ ಯಾರಿಗೂ ಆಸೆ ಹುಟ್ಟೋದಿಲ್ಲ. ಯುರೋಪಿನ ಸಾಕರ್ ಲೀಗ್‌ಗಳಲ್ಲಂತೂ ಕೊನೆಗೆ ಬಂದವರು ಕೆಳಗಿನ ಡಿವಿಷನ್‌ಗೆ ಇಳಿಯುತ್ತಾರೆ, ಕೋಟಿಗಟ್ಟಲೆ ಕಳೆದುಕೊಳ್ಳುತ್ತಾರೆ.

ಅಮೆರಿಕನ್ ಫುಟ್‌ಬಾಲ್‌ನ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಇದೆಲ್ಲ ತಿರುವುಮುರುವು. ಕಾಲೇಜು ಫುಟ್‌ಬಾಲ್ ಆಡಿ ಬರುವ ಹುಡುಗರನ್ನು 32 ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳುತ್ತವೆ, ಏಳು ಸುತ್ತು ನಡೆಯುತ್ತೆ. ಹಿಂದಿನ ಸೀಸನ್‌ನಲ್ಲಿ ಎಲ್ಲರಿಗಿಂತ ಕಡಿಮೆ ಗೆದ್ದವರಿಗೆ ಮೊದಲ ಸರದಿ, ಸೂಪರ್ ಬೌಲ್, ಅಂದರೆ ಫೈನಲ್, ಗೆದ್ದವರಿಗೆ ಕೊನೇ ಸರದಿ. ಇಬ್ಬರು ಸಮ ಬಂದರೆ, ಯಾರ ಎದುರಾಳಿಗಳು ಒಟ್ಟಾರೆ ದುರ್ಬಲರಾಗಿದ್ದರೋ ಅವರಿಗೆ ಮೊದಲು ಸರದಿ. ಬ್ಯಾಸ್ಕೆಟ್‌ಬಾಲ್‌ನ ಎನ್‌ಬಿಎಯವರು 1985ರಿಂದ ಲಾಟರಿ ತಂದಿದ್ದಾರೆ, ಅಲ್ಲಿ ಕೊನೆಗೆ ಬಂದರೂ ಒಂದನೇ ಪಿಕ್ ಗ್ಯಾರಂಟಿ ಇಲ್ಲ. ಎನ್‌ಎಫ್‌ಎಲ್‌ನಲ್ಲಿ ಲಾಟರಿ ಇಲ್ಲ. ಸೋತಷ್ಟೂ ಸರದಿ ಮುಂದೆ ಬರುತ್ತೆ, ನೇರ ಲೆಕ್ಕ. ಈ ಪದ್ಧತಿ ತರೋಣ ಅಂತ 1935ರಲ್ಲಿ ಹೇಳಿದವರು ಫಿಲಡೆಲ್ಫಿಯಾ ಈಗಲ್ಸ್ ತಂಡದ ಬರ್ಟ್ ಬೆಲ್. ಅವರದು ಸೋಲುವ ತಂಡ, ಒಳ್ಳೆ ಹುಡುಗರೆಲ್ಲ ದುಡ್ಡಿರುವ ತಂಡಗಳಿಗೆ ಹೋಗುತ್ತಿದ್ದರು. 1936ರಲ್ಲಿ ನಡೆದ ಮೊದಲ ಡ್ರಾಫ್ಟ್‌ನಲ್ಲಿ ಒಂದನೇ ಪಿಕ್ ಸಿಕ್ಕಿದ್ದೂ ಈಗಲ್ಸ್‌ಗೇ. ಅವರು ಆರಿಸಿದ್ದು ಜೇ ಬರ್ವ್ಯಾಂಗರ್ ಅನ್ನುವ ಆಟಗಾರನನ್ನು. ಆತ ಎನ್‌ಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ!

ಈಗ ನಿಮ್ಮ ಗೆಳೆಯರ ಪರವಾಗಿ ಗಟ್ಟಿ ವಾದ ಏನಿದೆ ಅಂತ ನೋಡೋಣ. ಈ ಆಟದಲ್ಲಿ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ದಾಳಿ ನಡೆಸುವವನು, ಒಬ್ಬ ಸರಿಯಿದ್ದರೆ ತಂಡದ ಹಣೆಬರಹ ಹತ್ತು ವರ್ಷಕ್ಕೆ ಬದಲಾಗುತ್ತೆ. ಇಂಡಿಯಾನಾಪೊಲಿಸ್ ಕೋಲ್ಟ್ಸ್ 1997ರಲ್ಲಿ 16ರಲ್ಲಿ ಮೂರೇ ಪಂದ್ಯ ಗೆದ್ದು, 1998ರಲ್ಲಿ ಒಂದನೇ ಪಿಕ್‌ನಿಂದ ಪೇಟನ್ ಮ್ಯಾನಿಂಗ್ ಅವರನ್ನು ತಂದರು. ಆ ವರ್ಷವೂ ಮೂರೇ ಗೆಲುವು, ಅದರ ಮುಂದಿನ ವರ್ಷ 13 ಗೆಲುವು. ಸಿನ್ಸಿನಾಟಿ ಬೆಂಗಲ್ಸ್ 2019ರಲ್ಲಿ ಎರಡೇ ಪಂದ್ಯ ಗೆದ್ದು ಜೋ ಬರೋ ಅವರನ್ನು ಪಡೆದರು, 2021ರ ಸೀಸನ್‌ನಲ್ಲಿ ಸೂಪರ್ ಬೌಲ್‌ಗೇ ಹೋದರು. ಜೊತೆಗೆ ದುಡ್ಡಿನ ಲೆಕ್ಕ. 2010ರಲ್ಲಿ ಒಂದನೇ ಪಿಕ್ ಆದ ಸ್ಯಾಮ್ ಬ್ರ್ಯಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್ ಒಪ್ಪಂದ, ಅದರಲ್ಲಿ 5 ಕೋಟಿ ಖಚಿತ, ಇನ್ನೂ ಒಂದು ಪಂದ್ಯ ಆಡದ ಹುಡುಗನಿಗೆ! 2011ರಲ್ಲಿ ಹೊಸ ವೇತನ ಒಪ್ಪಂದ ಬಂತು, ಆ ವರ್ಷದ ಒಂದನೇ ಪಿಕ್ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸುಮಾರು 2.2 ಕೋಟಿ ಮಾತ್ರ. ಪ್ರತಿ ತಂಡದ ಒಟ್ಟು ಸಂಬಳಕ್ಕೆ ಮಿತಿ ಇರುವುದರಿಂದ, ಒಳ್ಳೆ ಕ್ವಾರ್ಟರ್‌ಬ್ಯಾಕ್ ಕಡಿಮೆ ಸಂಬಳಕ್ಕೆ ಸಿಕ್ಕರೆ ಉಳಿದ ದುಡ್ಡಲ್ಲಿ ಬೇರೆ ಆಟಗಾರರನ್ನು ತರಬಹುದು. ಹಾಗಾಗಿ ಒಂದನೇ ಪಿಕ್‌ನ ಬೆಲೆ 2011ರ ನಂತರ ಏರಿದೆ. ಇಷ್ಟನ್ನು ನಾನು ಪೂರ್ತಿ ಒಪ್ಪುತ್ತೇನೆ.

ಆದರೆ ಸೋಲುವವರು ಯಾರು? ಇದನ್ನು ಯಾರೂ ಕೇಳುವುದಿಲ್ಲ. ‘ತಂಡ ಸೋಲಲಿ’ ಅಂತ ಹೇಳೋದು ಸುಲಭ. ಮೈದಾನದಲ್ಲಿ ಇರೋದು 22 ಜನ, ಅವರಲ್ಲಿ ಬಹಳಷ್ಟು ಮಂದಿಗೆ ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ಗೊತ್ತಿಲ್ಲ. ಈ ಲೀಗ್‌ನಲ್ಲಿ ಹೆಚ್ಚಿನವರ ಆಟದ ಆಯುಸ್ಸೇ ಮೂರ್ನಾಲ್ಕು ವರ್ಷ. ಒಪ್ಪಂದದ ದುಡ್ಡೂ ಎಷ್ಟೋ ಜನರಿಗೆ ಪೂರ್ತಿ ಖಚಿತ ಅಲ್ಲ. ಮುಂದಿನ ಏಪ್ರಿಲ್‌ನಲ್ಲಿ ತನ್ನ ಜಾಗಕ್ಕೇ ಬರಲಿರುವ ಹುಡುಗನಿಗೋಸ್ಕರ ಇವತ್ತು ಸೋತುಬಿಡು ಅಂದರೆ ಯಾರು ಕೇಳುತ್ತಾರೆ? ಅಲ್ಲದೆ ಇದು ಮೈಗೆ ಮೈ ಡಿಕ್ಕಿ ಹೊಡೆಯುವ ಆಟ, ಅರೆಮನಸ್ಸಿನಿಂದ ಆಡಿದವನಿಗೇ ಮೊದಲು ಪೆಟ್ಟು ಬೀಳೋದು.

ಇದಕ್ಕೆ 2023ರ ಜನವರಿ 8ರ ಪಂದ್ಯಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಇಂಡಿಯಾನಾಪೊಲಿಸ್‌ನಲ್ಲಿ ಹ್ಯೂಸ್ಟನ್ ಟೆಕ್ಸಾನ್ಸ್ ಮತ್ತು ಕೋಲ್ಟ್ಸ್, ಸೀಸನ್‌ನ ಕೊನೇ ಪಂದ್ಯ. ಟೆಕ್ಸಾನ್ಸ್ ಸೋತರೆ ಒಂದನೇ ಪಿಕ್ ಅವರದೇ. ಏಳು ಅಂಕ ಹಿಂದೆ ಇದ್ದಾರೆ, ಸಮಯ ಒಂದು ನಿಮಿಷಕ್ಕಿಂತ ಕಡಿಮೆ. ನಾಲ್ಕನೇ ಮತ್ತು ಕೊನೇ ಪ್ರಯತ್ನ, ಚೆಂಡು ತಮ್ಮ ಬಳಿಯೇ ಉಳಿಯಲು ಬೇಕಾದ್ದು 20 ಗಜ. ಇಂಥ ಸ್ಥಿತಿಯಲ್ಲಿ ಸೋಲಬೇಕು ಅಂದರೆ ಏನೂ ಮಾಡಬೇಕಿಲ್ಲ, ಸುಮ್ನೆ ಚೆಂಡನ್ನು ನೆಲಕ್ಕೆ ಎಸೆದರೆ ಸಾಕು. ಕ್ವಾರ್ಟರ್‌ಬ್ಯಾಕ್ ಡೇವಿಸ್ ಮಿಲ್ಸ್ ಅಲ್ಲಿಂದ 28 ಗಜದ ಟಚ್‌ಡೌನ್ (ಆರು ಅಂಕ) ಎಸೆದ, ಜೋರ್ಡನ್ ಏಕಿನ್ಸ್ ಹಿಡಿದ. ಆಮೇಲಾದರೂ ಒಂದು ಅಂಕದ ಕಿಕ್ ಹೊಡೆದು ಸಮ ಮಾಡಿಕೊಳ್ಳಬಹುದಿತ್ತು. ಕೋಚ್ ಲವೀ ಸ್ಮಿತ್ ಎರಡು ಅಂಕಕ್ಕೇ ಹೋಗಿ ಅಂದರು, ಅದನ್ನೂ ಏಕಿನ್ಸೇ ಹಿಡಿದ. 32–31, ಟೆಕ್ಸಾನ್ಸ್‌ಗೆ ಗೆಲುವು. ಒಂದನೇ ಪಿಕ್ ಶಿಕಾಗೊ ಬೇರ್ಸ್ ಪಾಲಾಯಿತು. ಅದೇ ರಾತ್ರಿ ಸ್ಮಿತ್ ಅವರ ಕೆಲಸ ಹೋಯಿತು.

ಟೆಕ್ಸಾನ್ಸ್ ಗೋಳಾಡಬೇಕಿತ್ತು, ಅಲ್ವಾ? ಎರಡನೇ ಪಿಕ್‌ನಲ್ಲಿ ಅವರಿಗೆ ಸಿಕ್ಕಿದ್ದು ಕ್ವಾರ್ಟರ್‌ಬ್ಯಾಕ್ ಸಿ.ಜೆ. ಸ್ಟ್ರೌಡ್. ಅದರ ಬೆನ್ನಿಗೇ ಅರಿಜೋನಾ ಜೊತೆ ಅದಲುಬದಲು ಮಾಡಿ ಮೂರನೇ ಪಿಕ್ ತಗೊಂಡು ವಿಲ್ ಆ್ಯಂಡರ್‌ಸನ್ ಅವರನ್ನೂ ತಂದರು. ಮುಂದಿನ ಸೀಸನ್‌ನಲ್ಲಿ 10 ಗೆಲುವು, ಪ್ಲೇಆಫ್‌ನಲ್ಲೂ ಒಂದು ಗೆಲುವು. ಒಂದನೇ ಪಿಕ್‌ನಲ್ಲಿ ಹೋದ ಬ್ರೈಸ್ ಯಂಗ್ ಇದ್ದ ಕ್ಯಾರೊಲೈನಾ ಪ್ಯಾಂಥರ್ಸ್ ಗೆದ್ದಿದ್ದು 17ರಲ್ಲಿ ಎರಡು.

ಆಟಗಾರರು ಸೋಲಲ್ಲ, ಕೋಚ್ ಕೂಡ ಸೋಲಲ್ಲ, ಯಾಕೆಂದರೆ ಸೋತ ಕೋಚ್‌ನ ಕೆಲಸವೇ ಮೊದಲು ಹೋಗೋದು. ಹಾಗಾಗಿ ಉಳಿದವರು ಮಾಲೀಕ ಮತ್ತು ಜನರಲ್ ಮ್ಯಾನೇಜರ್. ಅವರ ಕೈಲಿರುವ ಉಪಾಯ ಒಂದೇ: ಒಳ್ಳೆ ಆಟಗಾರರನ್ನೆಲ್ಲ ಮಾರಿ ತಂಡವನ್ನು ಎಷ್ಟು ಬಡಕಲು ಮಾಡೋದು ಅಂದರೆ, ಅದು ಪ್ರಾಣ ಕೊಟ್ಟು ಆಡಿದರೂ ಗೆಲ್ಲಬಾರದು.

2019ರ ಮಯಾಮಿ ಡಾಲ್ಫಿನ್ಸ್ ಮಾಡಿದ್ದು ಇದನ್ನೇ ಅಂತ ಎಲ್ಲರೂ ಆಗ ಅಂದುಕೊಂಡಿದ್ದರು. ಕ್ವಾರ್ಟರ್‌ಬ್ಯಾಕ್‌ಗೆ ಕಾವಲು ನಿಲ್ಲುವ ಲೆಫ್ಟ್ ಟ್ಯಾಕಲ್ ಲಾರೆಮಿ ಟನ್ಸಿಲ್ ಅವರನ್ನು ಸೀಸನ್ ಶುರುವಾಗುವ ಮೊದಲೇ ಹ್ಯೂಸ್ಟನ್‌ಗೆ ಕೊಟ್ಟು ಎರಡು ಮೊದಲ ಸುತ್ತಿನ ಪಿಕ್ ಮತ್ತು ಒಂದು ಎರಡನೇ ಸುತ್ತಿನ ಪಿಕ್ ತಗೊಂಡರು. ಆಮೇಲೆ ಮಿಂಕಾ ಫಿಟ್ಸ್‌ಪ್ಯಾಟ್ರಿಕ್ ಅವರನ್ನು ಪಿಟ್ಸ್‌ಬರ್ಗ್‌ಗೆ ಕೊಟ್ಟರು. ಮೊದಲ ಏಳು ಪಂದ್ಯವೂ ಸೋಲು. ಅಲಬಾಮಾ ಕಾಲೇಜಿನ ಕ್ವಾರ್ಟರ್‌ಬ್ಯಾಕ್ ಟುವಾ ಟಾಗೊವೈಲೊವಾಗೋಸ್ಕರ ಸೋಲುತ್ತಿದ್ದಾರೆ ಅಂತ ಘೋಷಣೆಯೇ ಹುಟ್ಟಿಕೊಂಡಿತು. ಆದರೆ ಹೊಸ ಕೋಚ್ ಬ್ರಯನ್ ಫ್ಲೋರೆಸ್‌ಗೆ ಸೋಲುವುದು ಬೇಕಿರಲಿಲ್ಲ, ಉಳಿದ ಒಂಬತ್ತರಲ್ಲಿ ಐದು ಗೆದ್ದರು. ಡಿಸೆಂಬರ್ 22ಕ್ಕೆ ಬೆಂಗಲ್ಸ್ ವಿರುದ್ಧದ ಪಂದ್ಯ ಇತ್ತು, ಇಬ್ಬರೂ ತಳದಲ್ಲಿದ್ದವರು. ಮಯಾಮಿ 35–12 ಮುಂದಿದ್ದು, ಕೊನೇ ಕ್ವಾರ್ಟರ್‌ನಲ್ಲಿ ಬೆಂಗಲ್ಸ್ ಎದ್ದು ಬಂದು 35–35 ಮಾಡಿ, ಓವರ್‌ಟೈಮ್‌ನಲ್ಲಿ ಮಯಾಮಿ 38–35ಕ್ಕೆ ಗೆದ್ದಿತು. ತಳದಲ್ಲಿದ್ದ ಎರಡು ತಂಡಗಳೂ ಗೆಲ್ಲಲು ಹಾಗೆ ಒದ್ದಾಡಿದವು! ಆ ದಿನವೇ ಒಂದನೇ ಪಿಕ್, ಅಂದರೆ ಬರೋ, ಬೆಂಗಲ್ಸ್‌ಗೆ ಗಟ್ಟಿಯಾಯಿತು. ಮಯಾಮಿಗೆ ಐದನೇ ಪಿಕ್‌ನಲ್ಲಿ ಟುವಾ ಸಿಕ್ಕರು.

ಈ ಕಥೆಗೆ ಕೋರ್ಟಿನ ಭಾಗವೂ ಇದೆ. ಕೆಲಸ ಕಳೆದುಕೊಂಡ ಫ್ಲೋರೆಸ್ 2022ರ ಫೆಬ್ರವರಿಯಲ್ಲಿ ಲೀಗ್ ಮೇಲೆ ದಾವೆ ಹೂಡಿದರು. ಮಾಲೀಕ ಸ್ಟೀಫನ್ ರಾಸ್ ಪ್ರತಿ ಸೋಲಿಗೆ ಒಂದು ಲಕ್ಷ ಡಾಲರ್ ಕೊಡುತ್ತೇನೆ ಅಂದಿದ್ದರು ಅನ್ನೋದು ಅದರಲ್ಲಿದ್ದ ಒಂದು ಆರೋಪ. ರಾಸ್ ಅಲ್ಲಗಳೆದರು. ಲೀಗ್ ತನಿಖೆ ಮಾಡಿಸಿ, ಡಾಲ್ಫಿನ್ಸ್ ಬೇಕಂತ ಸೋತಿಲ್ಲ ಅಂತ ಆಗಸ್ಟ್‌ನಲ್ಲಿ ಹೇಳಿತು. ಬೇರೆ ತಂಡದಲ್ಲಿದ್ದ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಮತ್ತು ಕೋಚ್ ಶಾನ್ ಪೇಟನ್ ಜೊತೆ ನಿಯಮ ಮೀರಿ ಮಾತುಕತೆ ನಡೆಸಿದ್ದಕ್ಕೆ ರಾಸ್ ಅವರಿಗೆ 15 ಲಕ್ಷ ಡಾಲರ್ ದಂಡ, ಅಮಾನತು, ತಂಡಕ್ಕೆ 2023ರ ಮೊದಲ ಸುತ್ತಿನ ಪಿಕ್ ನಷ್ಟ. ತನಿಖೆಯ ತೀರ್ಮಾನವನ್ನು ಹಾಗೇ ಒಪ್ಪಿಕೊಂಡರೂ ನನ್ನ ಮಾತಿಗೆ ಅಡ್ಡಿ ಇಲ್ಲ. ಬಡಕಲು ಮಾಡಿಟ್ಟ ತಂಡ ಕೂಡ ಒಳ್ಳೆ ಕೋಚ್ ಕೈಯಲ್ಲಿ ಐದು ಪಂದ್ಯ ಗೆದ್ದುಬಿಡುತ್ತೆ, ಅಷ್ಟರಲ್ಲಿ ಒಂದನೇ ಪಿಕ್ ಕೈತಪ್ಪಿರುತ್ತೆ.

ಇನ್ನು ಪಂದ್ಯದ ನಡುವೆಯೇ ಕೈಬಿಟ್ಟಂತೆ ಕಂಡ ಪ್ರಸಂಗವೂ ಒಂದಿದೆ, 2021ರ ಜನವರಿ 3ರದ್ದು. ಈಗಲ್ಸ್ ವಾಷಿಂಗ್ಟನ್ ವಿರುದ್ಧ 17–14ರಲ್ಲಿ ಹಿಂದಿದ್ದರು, ಗೆಲ್ಲಬಹುದಾದ ಪಂದ್ಯ. ನಾಲ್ಕನೇ ಕ್ವಾರ್ಟರ್‌ನಲ್ಲಿ ಕೋಚ್ ಡಗ್ ಪೀಡರ್‌ಸನ್ ಕ್ವಾರ್ಟರ್‌ಬ್ಯಾಕ್ ಆಗಿದ್ದ ಹೊಸ ಹುಡುಗ ಜೇಲನ್ ಹರ್ಟ್ಸ್‌ನನ್ನು ಹೊರಗೆ ಕೂರಿಸಿ ಮೂರನೇ ಸಾಲಿನ ನೇಟ್ ಸಡ್‌ಫೆಲ್ಡ್‌ನನ್ನು ಇಳಿಸಿದರು. 20–14ಕ್ಕೆ ಸೋಲು. ನಮ್ಮ ಸಡ್‌ಫೆಲ್ಡ್‌ಗೂ ಆಡಲು ಅವಕಾಶ ಕೊಡಬೇಕಿತ್ತು ಅಂದರು ಪೀಡರ್‌ಸನ್. ಆ ಸೋಲಿನಿಂದ ವಾಷಿಂಗ್ಟನ್ ಪ್ಲೇಆಫ್‌ಗೆ ಹೋಯಿತು, ಈಗಲ್ಸ್ ಗೆದ್ದಿದ್ದರೆ ಅಲ್ಲಿಗೆ ಹೋಗಬೇಕಿದ್ದ ಜೈಂಟ್ಸ್ ಮನೆಗೆ ಹೋಯಿತು, ಈಗಲ್ಸ್ ಪಿಕ್ ಒಂಬತ್ತರಿಂದ ಆರಕ್ಕೆ ಏರಿತು. ಎಂಟೇ ದಿನದಲ್ಲಿ ಪೀಡರ್‌ಸನ್ ಅವರನ್ನು ಕಳಿಸಿಬಿಟ್ಟರು, ಮೂರು ವರ್ಷದ ಹಿಂದಷ್ಟೇ ಅದೇ ತಂಡಕ್ಕೆ ಸೂಪರ್ ಬೌಲ್ ಗೆದ್ದುಕೊಟ್ಟ ಕೋಚ್ ಅವರು.

ಮೂರು ಸ್ಥಾನದಿಂದ ಈಗಲ್ಸ್‌ಗೆ ಲಾಭ ಆಗಲಿಲ್ಲ ಅಂತ ನಾನು ಹೇಳಲ್ಲ. ಆ ಆರನೇ ಪಿಕ್ ಅನ್ನು ಮಯಾಮಿಗೆ ಕೊಟ್ಟು 12ನೇ ಪಿಕ್ ಜೊತೆಗೆ ಮುಂದಿನ ವರ್ಷದ ಮೊದಲ ಸುತ್ತಿನ ಪಿಕ್ ಪಡೆದರು. 12ರಿಂದ ಮತ್ತೆ 10ಕ್ಕೆ ಏರಿ ಡೆವೊಂಟಾ ಸ್ಮಿತ್‌ನನ್ನು ಆರಿಸಿದರು. ಒಳ್ಳೆ ವ್ಯಾಪಾರ. ಆದರೆ 2025ರ ಫೆಬ್ರವರಿಯಲ್ಲಿ ಈಗಲ್ಸ್ ಸೂಪರ್ ಬೌಲ್ ಗೆದ್ದಾಗ ಅತ್ಯುತ್ತಮ ಆಟಗಾರ ಯಾರು ಗೊತ್ತಾ? ಆ ರಾತ್ರಿ ಹೊರಗೆ ಕೂರಿಸಿದ ಹರ್ಟ್ಸ್. ಆತ ಎರಡನೇ ಸುತ್ತಿನಲ್ಲಿ 53ನೆಯವನಾಗಿ ಬಂದವನು.

ಇಲ್ಲಿಗೆ ಎರಡನೇ ಪ್ರಶ್ನೆ. ಸೋತು ಪಿಕ್ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಅದು ಎಷ್ಟು ನಂಬಿಕಸ್ತ ವಸ್ತು? ಅರ್ಥಶಾಸ್ತ್ರದಲ್ಲಿ ನೊಬೆಲ್ ಪಡೆದ ರಿಚರ್ಡ್ ಥೇಲರ್ ಮತ್ತು ಕೇಡ್ ಮ್ಯಾಸಿ ಅನ್ನುವ ಸಂಶೋಧಕರು ಇದನ್ನು ಕೂತು ಲೆಕ್ಕ ಹಾಕಿದ್ದಾರೆ. ಒಂದೇ ಜಾಗದಲ್ಲಿ ಆಡುವ ಇಬ್ಬರನ್ನು ತಗೊಳ್ಳಿ, ಒಬ್ಬನನ್ನು ಮೊದಲು ಆರಿಸಿದರು, ಇನ್ನೊಬ್ಬನನ್ನು ಆ ಜಾಗಕ್ಕೆ ಅವನ ಬೆನ್ನಿಗೇ. ಮೊದಲು ಆರಿಸಿದವನೇ ಉತ್ತಮ ಅಂತ ಆಗೋದು ಎಷ್ಟು ಸಲ? ನೂರಕ್ಕೆ 52 ಸಲ. ನಾಣ್ಯ ಚಿಮ್ಮಿದರೆ 50. ಆಟಗಾರನಿಂದ ಸಿಗುವ ಲಾಭದಲ್ಲಿ ಸಂಬಳ ಕಳೆದು ನೋಡಿದಾಗ, ಹಳೆಯ ವೇತನದ ಕಾಲದಲ್ಲಿ ಎರಡನೇ ಸುತ್ತಿನ ಪಿಕ್‌ಗಳೇ ಒಂದನೇ ಪಿಕ್‌ಗಿಂತ ಮೇಲಿದ್ದವು. 2011ರ ನಂತರ ಆ ಭಾಗ ಬದಲಾಗಿದೆ ಅಂತ ಆಗಲೇ ಹೇಳಿದೆ. ಆದರೆ ಆರಿಸುವವರ ಕಣ್ಣು ಮೋಸ ಹೋಗುವ ಭಾಗ ಹಾಗೇ ಇದೆ.

ಕ್ವಾರ್ಟರ್‌ಬ್ಯಾಕ್‌ಗಳನ್ನೇ ನೋಡಿ. ಟಾಮ್ ಬ್ರೇಡಿ 2000ದಲ್ಲಿ 199ನೆಯವರು. ಏರನ್ ರಾಜರ್ಸ್ 24. ಲಮಾರ್ ಜ್ಯಾಕ್ಸನ್ 32. ಪ್ಯಾಟ್ರಿಕ್ ಮಹೋಮ್ಸ್ ಹತ್ತನೇ ಪಿಕ್, ಅದೂ ಹಿಂದಿನ ಸೀಸನ್‌ನಲ್ಲಿ 12 ಪಂದ್ಯ ಗೆದ್ದಿದ್ದ ಕ್ಯಾನ್ಸಸ್ ಸಿಟಿ 27ನೇ ಸ್ಥಾನದಿಂದ ಮೇಲೆ ಹತ್ತಿ ಬಂದು ಆರಿಸಿದ್ದು. ಅವರು ಯಾರಿಗೋಸ್ಕರವೂ ಬೇಕಂತ ಸೋತಿರಲಿಲ್ಲ, ದುಡಿದು ಇಟ್ಟುಕೊಂಡಿದ್ದ ಪಿಕ್‌ಗಳನ್ನು ಕೊಟ್ಟು ಏರಿದರು. 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮೂರು ಮೊದಲ ಸುತ್ತಿನ ಪಿಕ್ ತೆತ್ತು ಮೂರನೇ ಸ್ಥಾನಕ್ಕೆ ಏರಿ ಟ್ರೇ ಲ್ಯಾನ್ಸ್‌ನನ್ನು ಆರಿಸಿತು. ಆತ ಅವರಿಗಾಗಿ ಆರಂಭದಿಂದ ಆಡಿದ್ದು ನಾಲ್ಕೇ ಪಂದ್ಯ. ಅದೇ ತಂಡವನ್ನು ಸೂಪರ್ ಬೌಲ್‌ಗೆ ಕರೆದೊಯ್ದ ಬ್ರಾಕ್ ಪರ್ಡಿ 2022ರ ಡ್ರಾಫ್ಟ್‌ನ ಕಟ್ಟಕಡೆಯ ಪಿಕ್, 262ನೆಯವನು.

ಮೂರನೇ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು, ಹೆಚ್ಚು ಜನ ಇದರ ಬಗ್ಗೆ ಮಾತಾಡೋದೇ ಇಲ್ಲ. ಆರಿಸಿದ ಹುಡುಗ ಬಂದು ಆಡಬೇಕಾದ್ದು ಎಲ್ಲಿ? ಸೋಲಲಿ ಅಂತ ಖಾಲಿ ಮಾಡಿಟ್ಟ ಅದೇ ತಂಡದಲ್ಲಿ. ಬೇಲಿ ಕಿತ್ತು ಮಾರಿ, ಆ ದುಡ್ಡಲ್ಲಿ ಸಸಿ ತಂದು ನೆಟ್ಟ ಹಾಗೆ. 2002ರಲ್ಲಿ ಹೊಸದಾಗಿ ಹುಟ್ಟಿದ ಹ್ಯೂಸ್ಟನ್ ತಂಡ ಒಂದನೇ ಪಿಕ್‌ನಲ್ಲಿ ಡೇವಿಡ್ ಕಾರ್ ಅವರನ್ನು ತಂದಿತು. ಅವರ ಮುಂದೆ ನಿಲ್ಲಬೇಕಿದ್ದ ಕಾವಲು ಸಾಲು ಹೆಸರಿಗಷ್ಟೇ ಇತ್ತು. ಮೊದಲ ವರ್ಷವೇ 76 ಸಲ ಅವರನ್ನು ಚೆಂಡಿನ ಸಮೇತ ನೆಲಕ್ಕೆ ಕೆಡವಿದರು. ಒಂದು ಸೀಸನ್‌ಗೆ ಅದು ದಾಖಲೆ. ಪಂದ್ಯಕ್ಕೆ ಸರಾಸರಿ ಐದು ಸಲ, 22–23 ವಯಸ್ಸಿನ ಹುಡುಗನ ಮೇಲೆ 120–130 ಕಿಲೋ ತೂಕದವರು ಓಡಿ ಬಂದು ಬೀಳೋದು. ಇಂಥದ್ದರಲ್ಲಿ ಸಿಕ್ಕವನು ಚೆಂಡು ಎಸೆಯುವ ಮೊದಲೇ ಪಕ್ಕಕ್ಕೆ ಕಣ್ಣು ಹಾಯಿಸೋದು ಕಲಿಯುತ್ತಾನೆ. ಆ ಅಭ್ಯಾಸ ಬಿಡಿಸೋದು ಬಹಳ ಕಷ್ಟ.

ಆ್ಯಂಡ್ರೂ ಲಕ್ ಕಥೆ ನನಗೆ ಇವತ್ತಿಗೂ ಸಂಕಟ ಕೊಡುತ್ತೆ. 2011ರಲ್ಲಿ ಪೇಟನ್ ಮ್ಯಾನಿಂಗ್ ಕುತ್ತಿಗೆ ಶಸ್ತ್ರಚಿಕಿತ್ಸೆಯಿಂದ ಹೊರಗಿದ್ದರು, ಕೋಲ್ಟ್ಸ್ ಮೊದಲ 13 ಪಂದ್ಯವೂ ಸೋತರು. ಅವರೇನೂ ಬೇಕಂತ ಸೋತಿರಲಿಲ್ಲ, ಕೊನೇ ಮೂರರಲ್ಲಿ ಎರಡು ಗೆದ್ದರು ಕೂಡ. ಆದರೂ ಒಂದನೇ ಪಿಕ್ ಸಿಕ್ಕಿತು, ಲಕ್ ಬಂದರು. ಎಲ್ಲರೂ ಕನಸು ಕಾಣುವಂಥ ಪ್ರತಿಭೆ. ಮೊದಲ ಮೂರೂ ವರ್ಷ 11 ಗೆಲುವು. ಆದರೆ ಅವರ ಮುಂದಿನ ಕಾವಲು ಸಾಲನ್ನು ವರ್ಷಗಟ್ಟಲೆ ಯಾರೂ ಸರಿ ಮಾಡಲಿಲ್ಲ. ಭುಜ ಹೋಯಿತು, 2015ರಲ್ಲಿ ಮೂತ್ರಪಿಂಡಕ್ಕೇ ಪೆಟ್ಟು ಬಿತ್ತು, 2017ರ ಸೀಸನ್ ಪೂರ್ತಿ ಆಡಲಿಲ್ಲ. 2019ರ ಆಗಸ್ಟ್‌ನಲ್ಲಿ, 29ನೇ ವಯಸ್ಸಿಗೆ, ನೋವು ತಡೆದು ತಡೆದು ಸಾಕಾಗಿದೆ ಅಂತ ಆಟವನ್ನೇ ಬಿಟ್ಟರು. ಒಂದು ಸೂಪರ್ ಬೌಲ್ ಕೂಡ ಆಡಲಿಲ್ಲ. ಅವರಿಗಾಗಿ ಕೋಲ್ಟ್ಸ್ ಬಿಟ್ಟುಕೊಟ್ಟ ಮ್ಯಾನಿಂಗ್ ಡೆನ್ವರ್‌ಗೆ ಹೋಗಿ 2015ರ ಸೀಸನ್‌ನಲ್ಲಿ ಸೂಪರ್ ಬೌಲ್ ಗೆದ್ದರು.

2008ರಲ್ಲಿ 16ಕ್ಕೆ 16 ಸೋತ ಡೆಟ್ರಾಯ್ಟ್ ಲಯನ್ಸ್‌ಗೆ ಮ್ಯಾಥ್ಯೂ ಸ್ಟ್ಯಾಫರ್ಡ್ ಸಿಕ್ಕರು. 12 ವರ್ಷ ಅಲ್ಲಿದ್ದರು, ಪ್ಲೇಆಫ್‌ನಲ್ಲಿ ಒಂದೂ ಗೆಲುವಿಲ್ಲ. ಲಾಸ್ ಏಂಜಲೀಸ್ ರ‍್ಯಾಮ್ಸ್‌ಗೆ ಹೋದ ಮೊದಲ ವರ್ಷವೇ ಸೂಪರ್ ಬೌಲ್ ಗೆದ್ದರು. ಹುಡುಗನಲ್ಲಿ ಕೊರತೆ ಇರಲಿಲ್ಲ.

ನಿಮ್ಮ ಜೆಟ್ಸ್ ಕಥೆಯೂ ಇದೇ. 2020ರಲ್ಲಿ 13 ಸೋತು ಕೂತಿದ್ದರು, ಕ್ಲೆಮ್ಸನ್ ಕಾಲೇಜಿನ ಕ್ವಾರ್ಟರ್‌ಬ್ಯಾಕ್ ಟ್ರೆವರ್ ಲಾರೆನ್ಸ್ ಕೈಗೆ ಬಂದ ಹಾಗೇ ಇತ್ತು. ಡಿಸೆಂಬರ್ 20ಕ್ಕೆ ರ‍್ಯಾಮ್ಸ್ ವಿರುದ್ಧ 23–20ಕ್ಕೆ ಗೆದ್ದರು, ಮುಂದಿನ ವಾರ ಬ್ರೌನ್ಸ್ ವಿರುದ್ಧವೂ ಗೆದ್ದರು. ಒಂದೇ ಪಂದ್ಯ ಗೆದ್ದಿದ್ದ ಜ್ಯಾಕ್ಸನ್‌ವಿಲ್ ಲಾರೆನ್ಸ್‌ನನ್ನು ಒಯ್ದಿತು, ಜೆಟ್ಸ್‌ಗೆ ಎರಡನೇ ಪಿಕ್‌ನಲ್ಲಿ ಜ್ಯಾಕ್ ವಿಲ್ಸನ್ ಬಂದ. ಆತ ನಿಲ್ಲಲಿಲ್ಲ. ಆ ರ‍್ಯಾಮ್ಸ್ ಗೆಲುವನ್ನು ನಿಮ್ಮ ಆಫೀಸಿನವರು ಇಂದಿಗೂ ಬೈಯುತ್ತಿರುತ್ತಾರೆ, ನನಗೆ ಗೊತ್ತು. ಆದರೆ ಅವರನ್ನು ಹೀಗೆ ಕೇಳಿ: ಸ್ಯಾಮ್ ಡಾರ್ನಾಲ್ಡ್ ಏನಾದ? 2018ರಲ್ಲಿ ಜೆಟ್ಸ್ ಮೂರನೇ ಪಿಕ್‌ನಲ್ಲಿ ತಂದ ಹುಡುಗ, ಮೂರು ವರ್ಷ ಆಡಿಸಿ ಸಾಕಾಗಿ ಕಳಿಸಿದರು. 2024ರಲ್ಲಿ ಆತ ಮಿನೆಸೋಟಾದಲ್ಲಿ, ಒಳ್ಳೆ ಕೋಚ್ ಮತ್ತು ಒಳ್ಳೆ ರಿಸೀವರ್‌ಗಳ (ಎಸೆದ ಚೆಂಡು ಹಿಡಿಯುವವರ) ಜೊತೆ, 14 ಪಂದ್ಯ ಗೆದ್ದ. ಪಿಕ್ ಚೆನ್ನಾಗೇ ಇತ್ತು. ಅವನನ್ನು ಬೆಳೆಸುವ ತಂಡ ಜೆಟ್ಸ್‌ನಲ್ಲಿ ಇರಲಿಲ್ಲ. ಲಾರೆನ್ಸ್ ಬಂದಿದ್ದರೂ ಅದೇ ಜಾಗಕ್ಕೆ ಬರುತ್ತಿದ್ದ. ಜ್ಯಾಕ್ಸನ್‌ವಿಲ್‌ನಲ್ಲೂ ಅವನ ಮೊದಲ ವರ್ಷ ಮೂರೇ ಗೆಲುವು, ಕೋಚ್ ಅನ್ನು ಸೀಸನ್ ಮಧ್ಯದಲ್ಲೇ ಕಳಿಸಬೇಕಾಯಿತು.

ಹಾಗಾದರೆ ಕೆಟ್ಟ ತಂಡ ಮೇಲೆ ಬರೋದು ಹೇಗೆ? ನಾನು ಮೊದಲೇ ಹೇಳಿದ ಮಾತು ಇಲ್ಲಿ ಬರುತ್ತೆ. ಪಿಕ್ ಅನ್ನೋದು ಕೈಬದಲಾಗುವ ವಸ್ತು. ಯಾವ ತಂಡ ಮುಂದೆ ಕೆಡುತ್ತೆ ಅನ್ನಿಸುತ್ತೋ ಆ ತಂಡದ ಪಿಕ್ ಕೊಂಡು ಇಟ್ಟುಕೊಳ್ಳಬೇಕು. ಟೆಕ್ಸಾನ್ಸ್ ಗೆದ್ದು ಬಿಟ್ಟುಕೊಟ್ಟ ಆ ಒಂದನೇ ಪಿಕ್ ಅನ್ನು ಶಿಕಾಗೊ ಏನು ಮಾಡಿತು? ಕ್ಯಾರೊಲೈನಾಗೆ ಮಾರಿತು. ಬದಲಿಗೆ ಡಿ.ಜೆ. ಮೂರ್ ಅನ್ನುವ ಒಳ್ಳೆ ರಿಸೀವರ್, ಒಂಬತ್ತನೇ ಪಿಕ್, ಒಂದು ಎರಡನೇ ಸುತ್ತಿನ ಪಿಕ್, 2024ರ ಮೊದಲ ಸುತ್ತಿನ ಪಿಕ್, 2025ರ ಎರಡನೇ ಸುತ್ತಿನದು. ಕ್ಯಾರೊಲೈನಾ 2023ರಲ್ಲಿ ಎರಡೇ ಪಂದ್ಯ ಗೆದ್ದಿತಲ್ಲ, ಆ 2024ರ ಪಿಕ್ ಮತ್ತೆ ಒಂದನೇ ಪಿಕ್ಕೇ ಆಯಿತು. ಶಿಕಾಗೊ ಅದರಲ್ಲಿ ಕ್ಯಾಲೆಬ್ ವಿಲಿಯಮ್ಸ್‌ನನ್ನು ತಂದಿತು. ಆ ವರ್ಷ ಶಿಕಾಗೊ ಏಳು ಪಂದ್ಯ ಗೆದ್ದಿತ್ತು. ಗೆಲ್ಲುತ್ತಲೇ ಒಂದನೇ ಪಿಕ್ ಪಡೆದರು, ನೋಡಿ! ಕ್ಯಾರೊಲೈನಾದ ಪ್ರತಿ ಸೋಲೂ ಶಿಕಾಗೊ ಖಾತೆಗೆ ಜಮೆ ಆಗುತ್ತಿತ್ತು.

ಈ ವಿದ್ಯೆ ಹಳೆಯದು. 1989ರಲ್ಲಿ ಡಲ್ಲಾಸ್ ಕೌಬಾಯ್ಸ್ ಒಂದೇ ಪಂದ್ಯ ಗೆದ್ದು 15 ಸೋತರು. ಸೋತಿದ್ದಕ್ಕೇ ಆಮೇಲೆ ಮೂರು ಸೂಪರ್ ಬೌಲ್ ಗೆದ್ದರು ಅಂತ ಟ್ಯಾಂಕಿಂಗ್ (ಬೇಕಂತ ಸೋಲೋದು) ಪರ ವಾದಿಸುವವರು ಹೇಳುತ್ತಾರೆ. ಅವರಿಗೆ ಗೊತ್ತಿಲ್ಲದ್ದು ಏನು ಅಂದರೆ, ಆ 15 ಸೋಲಿಗೆ ಡಲ್ಲಾಸ್‌ಗೆ ಒಂದನೇ ಪಿಕ್ ಸಿಗಲೇ ಇಲ್ಲ. 1990ರ ಮೊದಲ ಸುತ್ತಿನ ಪಿಕ್ ಅನ್ನು ಕ್ವಾರ್ಟರ್‌ಬ್ಯಾಕ್ ಸ್ಟೀವ್ ವಾಲ್ಶ್‌ಗೋಸ್ಕರ ಹಿಂದಿನ ವರ್ಷವೇ ಪೂರಕ ಡ್ರಾಫ್ಟ್‌ನಲ್ಲಿ ಖರ್ಚು ಮಾಡಿಬಿಟ್ಟಿದ್ದರು! ತಂಡ ಕಟ್ಟಿದ್ದು ಹರ್ಷಲ್ ವಾಕರ್‌ನನ್ನು ಮಿನೆಸೋಟಾಗೆ ಕೊಟ್ಟು ಬಾಚಿಕೊಂಡ ಪಿಕ್‌ಗಳಿಂದ. ಅವುಗಳಲ್ಲೊಂದನ್ನು ಬಳಸಿ 17ನೇ ಸ್ಥಾನಕ್ಕೆ ಏರಿ ಎಮಿಟ್ ಸ್ಮಿತ್‌ನನ್ನು ಆರಿಸಿದರು. ಕೋಚ್ ಜಿಮ್ಮಿ ಜಾನ್ಸನ್ ಅವರ ಆ ತಂಡದಲ್ಲೇ ಮುಂದೆ ಪ್ರತಿ ಪಿಕ್‌ಗೂ ಅಂಕ ಹಾಕಿದ ಕೋಷ್ಟಕ ತಯಾರಾಗಿದ್ದು, ಒಂದನೇ ಪಿಕ್‌ಗೆ 3000, ಎರಡನೆಯದಕ್ಕೆ 2600, ಹತ್ತನೆಯದಕ್ಕೆ 1300 ಅಂತ. ಕೊಡುಕೊಳ್ಳುವಾಗ ಬೇರೆ ತಂಡದವರೂ ಅದನ್ನೇ ಹಿಡಿದು ಮಾತಾಡತೊಡಗಿದರು.

ಬೇರೆಯವರ ಪಿಕ್ ಇದ್ದ ಮಾತ್ರಕ್ಕೆ ಎಲ್ಲ ಆಯಿತು ಅಂತಲೂ ಅಲ್ಲ. 2012ರಲ್ಲಿ ರ‍್ಯಾಮ್ಸ್ ಎರಡನೇ ಪಿಕ್ ಅನ್ನು ವಾಷಿಂಗ್ಟನ್‌ಗೆ ಮಾರಿ ಮೂರು ಮೊದಲ ಸುತ್ತಿನ ಪಿಕ್ ಮತ್ತು ಒಂದು ಎರಡನೆಯದು ಪಡೆದರು, ಆದರೂ ಮುಂದಿನ ನಾಲ್ಕು ವರ್ಷ ಏಳು ಗೆಲುವಿನ ಮೇಲೆ ಹೋಗಲೇ ಇಲ್ಲ. ಆರಿಸುವ ಕಣ್ಣು, ಬೆಳೆಸುವ ಕೋಚ್ ಎರಡೂ ಬೇಕು.

ಎರಡೂ ಒಟ್ಟಿಗೆ ಇದ್ದರೆ ಏನಾಗುತ್ತೆ ಅಂತ ನೋಡಬೇಕಾದರೆ ಮತ್ತೆ ಲಯನ್ಸ್‌ಗೆ ಬನ್ನಿ. 2021ರಲ್ಲಿ ಸ್ಟ್ಯಾಫರ್ಡ್‌ನನ್ನು ರ‍್ಯಾಮ್ಸ್‌ಗೆ ಕೊಟ್ಟು ಜ್ಯಾರೆಡ್ ಗಾಫ್ ಜೊತೆಗೆ ಎರಡು ಮೊದಲ ಸುತ್ತಿನ ಪಿಕ್, ಒಂದು ಮೂರನೆಯದು ಪಡೆದರು. ಹೊಸ ಕೋಚ್ ಡ್ಯಾನ್ ಕ್ಯಾಂಬೆಲ್. ಆ ವರ್ಷ 13 ಸೋಲು, ಆದರೆ ನೋಡಿದವರಿಗೆ ಗೊತ್ತು, ಒಂದು ಪಂದ್ಯವನ್ನೂ ಕೈಚೆಲ್ಲಿ ಆಡಲಿಲ್ಲ. ಕೊನೇ ಭಾನುವಾರ ಗ್ರೀನ್ ಬೇ ವಿರುದ್ಧ ಸೋತಿದ್ದರೆ ಒಂದನೇ ಪಿಕ್ ಇತ್ತು. 37–30ಕ್ಕೆ ಗೆದ್ದರು, ಪಿಕ್ ಎರಡಕ್ಕೆ ಇಳಿಯಿತು. ಒಂದನೇ ಪಿಕ್ ಪಡೆದ ಜ್ಯಾಕ್ಸನ್‌ವಿಲ್ ಟ್ರವಾನ್ ವಾಕರ್‌ನನ್ನು ಆರಿಸಿತು. ಉಳಿದವನು ಏಡನ್ ಹಚಿನ್‌ಸನ್, ಮಿಷಿಗನ್‌ನಲ್ಲೇ ಬೆಳೆದು ಅಲ್ಲೇ ಕಾಲೇಜು ಆಡಿದ ಮನೆಮಗ. ಅವನನ್ನು ಡೆಟ್ರಾಯ್ಟ್ ತಂದುಕೊಂಡಿತು. 2023ರಲ್ಲಿ 12 ಗೆಲುವು, 2024ರಲ್ಲಿ 15. ಅವರ ಮುಖ್ಯ ರಿಸೀವರ್ ಏಮನ್-ರಾ ಸೇಂಟ್ ಬ್ರೌನ್ ನಾಲ್ಕನೇ ಸುತ್ತಿನಲ್ಲಿ ಬಂದ ಹುಡುಗ. ಮೊದಲ ವರ್ಷದಿಂದಲೂ ಪ್ರತಿ ಚೆಂಡಿಗೂ ಜಗಳ ಆಡುವ ತಂಡಕ್ಕೆ ಬಂದರು ಇವರೆಲ್ಲ.

ಹಳೆ ಆಟಗಾರರನ್ನು ಮಾರಿ ತಂಡ ಹೊಸದಾಗಿ ಕಟ್ಟುವುದಕ್ಕೂ ಬೇಕಂತ ಸೋಲುವುದಕ್ಕೂ ಇರುವ ವ್ಯತ್ಯಾಸ ಇದೇ. ಮೊದಲನೆಯದರಲ್ಲೂ ಸೋಲು ಬರುತ್ತೆ, ತಡೆಯಕ್ಕಾಗಲ್ಲ. ಆದರೆ ಭಾನುವಾರ ಮೈದಾನಕ್ಕೆ ಇಳಿದವನಿಗೆ ಗೆಲ್ಲು ಅಂತಲೇ ಹೇಳಿರುತ್ತಾರೆ.

ನಿಮ್ಮ ಜೆಟ್ಸ್ ಇದನ್ನು ಈಗ ಕಲಿತ ಹಾಗೆ ಕಾಣುತ್ತೆ. 2018ರಲ್ಲಿ ಡಾರ್ನಾಲ್ಡ್‌ಗೋಸ್ಕರ ಆರರಿಂದ ಮೂರಕ್ಕೆ ಏರಲು ಕೋಲ್ಟ್ಸ್‌ಗೆ ಮೂರು ಎರಡನೇ ಸುತ್ತಿನ ಪಿಕ್ ತೆತ್ತಿದ್ದರು, ಕೋಲ್ಟ್ಸ್ ಆ ಆರನೇ ಪಿಕ್‌ನಲ್ಲಿ ಕ್ವೆಂಟನ್ ನೆಲ್ಸನ್‌ನನ್ನು ತಂದು ಕಾವಲು ಸಾಲು ಗಟ್ಟಿ ಮಾಡಿಕೊಂಡರು. 2025ರ ನವೆಂಬರ್‌ನಲ್ಲಿ ಲೆಕ್ಕ ತಿರುಗಿತು. ಸಾಸ್ ಗಾರ್ಡ್ನರ್‌ನನ್ನು ಕೋಲ್ಟ್ಸ್‌ಗೆ ಕೊಟ್ಟು 2026 ಮತ್ತು 2027ರ ಮೊದಲ ಸುತ್ತಿನ ಪಿಕ್ ತಗೊಂಡರು, ಕ್ವಿನೆನ್ ವಿಲಿಯಮ್ಸ್‌ನನ್ನು ಕೌಬಾಯ್ಸ್‌ಗೆ ಕೊಟ್ಟು 2026ರ ಎರಡನೇ ಸುತ್ತಿನದು ಮತ್ತು 2027ರ ಮೊದಲ ಸುತ್ತಿನದು ತಗೊಂಡರು. ಆ ದಿನ ಕೋಲ್ಟ್ಸ್ ಏಳು ಗೆದ್ದು ಎರಡೇ ಸೋತಿದ್ದ ತಂಡ. ಡಿಸೆಂಬರ್‌ನಲ್ಲಿ ಅವರ ಕ್ವಾರ್ಟರ್‌ಬ್ಯಾಕ್ ಡೇನಿಯಲ್ ಜೋನ್ಸ್‌ಗೆ ಹಿಮ್ಮಡಿಯ ಗಾಯ ಆಯಿತು, ತಂಡ ಕುಸಿದು ಪ್ಲೇಆಫ್ ಕೂಡ ಮುಟ್ಟಲಿಲ್ಲ, ಜೆಟ್ಸ್ ಕೈಲಿದ್ದ ಪಿಕ್ ಮುಂದಕ್ಕೆ ಬಂತು. ಅದಕ್ಕಾಗಿ ಜೆಟ್ಸ್ ಒಂದು ಪಂದ್ಯವನ್ನೂ ಹೆಚ್ಚಿಗೆ ಸೋಲಬೇಕಾಗಿರಲಿಲ್ಲ.

ಹಾಗಾಗಿ ನಿಮ್ಮ ಆಫೀಸಿನವರಿಗೆ ಯಾರಾದರೂ ಸೋಲಲೇಬೇಕು ಅನ್ನಿಸಿದರೆ 2026ರ ಸೀಸನ್‌ನಲ್ಲಿ ಕೋಲ್ಟ್ಸ್ ಮತ್ತು ಕೌಬಾಯ್ಸ್ ಪಂದ್ಯಗಳನ್ನು ನೋಡಲಿ. ಆ ಎರಡು ತಂಡಗಳ ಪ್ರತಿ ಸೋಲಿಗೂ 2027ರ ಡ್ರಾಫ್ಟ್‌ನಲ್ಲಿ ಜೆಟ್ಸ್ ಸರದಿ ಒಂದಿಷ್ಟು ಮುಂದೆ ಸರಿಯಬಹುದು. ಜೆಟ್ಸ್ ಪಂದ್ಯ ಬಂದಾಗ ಮಾತ್ರ ನೀವೆಲ್ಲ ನೆಮ್ಮದಿಯಾಗಿ ನಿಮ್ಮ ತಂಡ ಗೆಲ್ಲಲಿ ಅಂತಲೇ ಕೂಗಿ.